ರೋಹಿಣಿಯನ್ನು ತೋರಿಸಿದ ಟೀಚರ್

ಟೀಚರ್ ತಲೆ ಎತ್ತಿದರೆ ತುರುಬು ಬೆನ್ನಿಗೆ ತಾಗುತ್ತಿತ್ತು, ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಮುಂದಿನ ಹಲ್ಲು ಇರಲಿಲ್ಲ. ವಿಕ್ರೋಳಿಯ ನಮ್ಮ ಚಾಳಿನಲ್ಲಿ ದೀಪ ಹಚ್ಚುವ ಹೊತ್ತಿಗೆ ನಾವೆಲ್ಲ ನಲ್ಲಿಯ ಮುಂದೆ ಕೊಡ ಇಟ್ಟು ಜಗಳಾಡುತ್ತಿದ್ದರೆ, ಅವರು ಮಾಳಿಗೆಯ ಮೇಲಿನ ಗಚ್ಚಿಯಲ್ಲಿ ಆಕಾಶ ನೋಡುತ್ತ ಹೀಗೆ ಬಾಯಿ ತೆರೆದು ನಿಂತಿರುತ್ತಿದ್ದರು. ಮೈಸೂರು ಕಡೆಯವರು, ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಒಂಟಿ. ಸಾರಿಗೆ ಬೆಲ್ಲ ಹಾಕುತ್ತಿದ್ದರು. ಇದನ್ನು ಮನುಷ್ಯರು ಉಣ್ಣುತ್ತಾರೇನು ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದೆ. "ನಿಮ್ ಖಾರ ತಿಂದ್ರೆ ಗಚ್ಚಿಗೆ ಹೋಗೋದೇ ಬೇಡ ಕಣ್ರೀ, ಕೂತಲ್ಲೇ ನಕ್ಷತ್ರ ಕಾಣುತ್ತೆ," ಎಂದು ನಕ್ಕಿದ್ದರು.

ನನ್ನ ಮಗಳು ಚೊಚ್ಚಲ ಹೆರಿಗೆಗೆ ಬಂದಾಗ ಕೂಸು ರೋಹಿಣಿ ನಕ್ಷತ್ರದಲ್ಲಿ ಹುಟ್ಟಿತು. ಅಂಥ ಕೂಸು ಸೋದರಮಾವನಿಗೆ ಆಗಿಬರುವುದಿಲ್ಲ ಎನ್ನುತ್ತಾರೆ. ಸೋದರಮಾವ ಎಂದರೆ ನನ್ನ ಮಗ. ಅದೇ ವಾರ ಅವನು ಲೋಕಲ್ ರೈಲಿನಿಂದ ಬಿದ್ದು ಕೈ ಮುರಿದುಕೊಂಡ. ಮುಗಿಯಿತು. ಕೂಸಿನ ಮುಖ ನೋಡಲೊಲ್ಲ, ಗೆಳೆಯನ ಖೋಲಿಯಲ್ಲೇ ಮಲಗತೊಡಗಿದ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಕಿವಿ ಚುಚ್ಚಿಸುವುದು ನಮ್ಮ ಪದ್ಧತಿ. ಆ ದಿನ ಹತ್ತಿರ ಬಂತು. ಮಗಳು ಅಳುತ್ತಿದ್ದಳು. ಅವನಿಗೆ ಬುದ್ಧಿ ಹೇಳೋಣವೆಂದರೆ ನನಗೂ ಹೆದರಿಕೆ. ಇದ್ದವನು ಒಬ್ಬನೇ ಮಗ.

ಒಂದು ಸಂಜೆ ಬಟ್ಟೆ ಒಯ್ಯಲು ಬಂದವನನ್ನು ಟೀಚರ್ ಮೆಟ್ಟಿಲ ಮೇಲೆ ಹಿಡಿದರು.

"ರೋಹಿಣಿಗೆ ಹೆದರ್ಕೊಂಡಿದೀಯಂತೆ. ನೋಡಿದೀಯಾ ಅವಳನ್ನ?"

"ನೋಡೂದೇನೈತ್ರಿ ಟೀಚರ್, ಪಂಚಾಂಗದಾಗ ಬರದೈತಿ."

"ಬಾ ಮೇಲೆ."

ನಾನೂ ಹಿಂದೆ ಹತ್ತಿದೆ. ನೀರಿನ ಟಾಕಿಯ ಮೇಲೆ ಕೆಂಡದಂಥ ಒಂದು ಚುಕ್ಕೆ. ಅಲ್ಲಿಯವರೆಗೆ ರೋಹಿಣಿ ಎಂದರೆ ಪುರೋಹಿತರ ಬಾಯಿಯ ಮಾತು ಎಂದಷ್ಟೇ ತಿಳಿದಿದ್ದೆ. ನಾವು ಒಣಹಾಕಿದ ಸೀರೆಗಳ ನೆತ್ತಿಯ ಮೇಲೆ ಚಳಿಗಾಲವೆಲ್ಲ ಅದು ನಿಂತಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

"ಮುದುಕಿ ಅವಳು," ಎಂದರು ಟೀಚರ್. "ಒಂದು ಕಾಲಕ್ಕೆ ನಮ್ಮ ಸೂರ್ಯನ ಹಾಗೇ ಇದ್ದೋಳು. ಒಳಗಿನ ಉರುವಲು ತೀರ್ತಾ ಬಂತು, ಊದ್ಕೊಂಡ್ಲು, ಕೆಂಪಗಾದ್ಲು. ನಲವತ್ತು ಸೂರ್ಯನ್ನ ಸಾಲಾಗಿಟ್ರೂ ಅವಳ ಅಗಲ ಮುಗಿಯಲ್ಲ. ನೀನೀಗ ನೋಡ್ತಿರೋ ಬೆಳಕು ನಿಮ್ಮಮ್ಮ ಹುಟ್ಟೋಕೂ ಮುಂಚೆ ಅಲ್ಲಿಂದ ಹೊರಟಿದ್ದು."

ನನ್ನ ಮೈ ಜುಮ್ಮೆಂದಿತು. ದೇವರ ಮುಂದೆ ನಿಂತಾಗಲೂ ನನಗೆ ಹಾಗಾದದ್ದಿಲ್ಲ. ಮಗ ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಟಾಕಿಯ ಹತ್ತಿರಕ್ಕೆ ಹೋಗಿ ಕತ್ತೆತ್ತಿದ.

"ಟೀಚರ್, ಅಷ್ಟ ದೊಡ್ಡಾಕಿಗೆ ನಾ ಒಬ್ಬಾವ ಇದ್ದೀನಿ ಅಂತರೆ ಗೊತ್ತೈತೇನ್ರಿ?"

"ನಾನಿರೋದೇ ಗೊತ್ತಿಲ್ಲಪ್ಪ. ದಿನಾ ಬಂದು ನಿಲ್ತೀನಿ!"

ಕಿವಿ ಚುಚ್ಚುವ ದಿನ ಮಗ ಬಂದು ಚಾಪೆಯ ಮೇಲೆ ಕುಳಿತ. ಮುಖ ಬಿಳಿಚಿಕೊಂಡಿತ್ತು. ಕೂಸು ಅವನ ತೊಡೆಯ ಮೇಲೆ ಕಿರುಚಿ ಕಿರುಚಿ ಪ್ಲಾಸ್ಟರಿನ ಮೇಲೆ ಉಚ್ಚೆ ಹೊಯ್ದಿತು. "ನೋಡ್ರಿ ಟೀಚರ್, ಬಂತು ಗಂಡಾಂತರ!" ಎಂದ. ಕೆಳಗೆ ಮಾತ್ರ ಇಳಿಸಲಿಲ್ಲ.

ಕೆಲವು ವರ್ಷಗಳ ಮೇಲೆ, ಆ ಚುಕ್ಕೆ ಸೂರ್ಯನ ಜೊತೆಗೇ ಮುಳುಗುವ ಬೇಸಗೆಯಲ್ಲಿ ಟೀಚರ್ ತೀರಿಕೊಂಡರು. ಮಗ ಹೆಗಲು ಕೊಟ್ಟ. ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ; ರಜೆಗೆ ಬಂದರೆ ಮಾವನ ಕೊರಳಿಗೆ ಜೋತುಬಿದ್ದೇ ಇರುತ್ತಾಳೆ. ಅವರಿಬ್ಬರನ್ನು ಹಾಗೆ ನೋಡಿದಾಗ ನಾನು ಎದ್ದುಹೋಗಿ ಟೀಚರ್ ಖೋಲಿಯ ಮುಂದೆ ನಿಲ್ಲುತ್ತೇನೆ. ಅಲ್ಲೀಗ ಬೇರೆ ಸಂಸಾರ. "ಕಾಯ್ ಪಾಹಿಜೆ, ಆಜಿ?" ಏನು ಬೇಕಜ್ಜಿ ಎಂದು ಮರಾಠಿಯಲ್ಲಿ ಕೇಳುತ್ತಾರೆ.

ಏನೂ ಬೇಡ ಎನ್ನುತ್ತೇನೆ.