ಜಾಹೀರಾತು ಒತ್ತಿದ ಭಜನಾ ಮಂಡಳಿ

ಮುಂಬಯಿಯ ಕಾಂದಿವಲಿಯ ನಮ್ಮ ಕನ್ನಡದವರಲ್ಲಿ ಯಾರದೇ ಮನೆಯಲ್ಲಿ ಗೃಹಪ್ರವೇಶವಾಗಲಿ, ನಾಮಕರಣವಾಗಲಿ, ಮೊದಲು ಹೇಳಿಕೆ ಹೋಗುವುದು ಭಟ್ಟರಿಗೆ, ಅದರ ಬೆನ್ನಿಗೇ ವಾರಿಜಾಳಿಗೆ. ಭಟ್ಟರು ಬಂದರೆ ಕಾರ್ಯ ನಡೆಯುತ್ತದೆ. ವಾರಿಜಾ ಬಂದರೆ ನಡೆದದ್ದು ಊರಿಗೆಲ್ಲ ಗೊತ್ತಾಗುತ್ತದೆ. ಆರು ವರ್ಷದಿಂದ ಅವಳು ಕನ್ನಡದಲ್ಲಿ ಒಂದು ಬ್ಲಾಗು ಬರೆಯುತ್ತಿದ್ದಾಳೆ. ಅದರ ಹೆಸರು ‘ಸ್ಲೋ ಲೋಕಲ್’. ಫಾಸ್ಟ್ ಗಾಡಿ ದೊಡ್ಡ ಸ್ಟೇಷನ್ನುಗಳಲ್ಲಿ ಮಾತ್ರ ನಿಲ್ಲುತ್ತದೆ, ತನ್ನದು ಎಲ್ಲ ಕಡೆ ನಿಲ್ಲುತ್ತದೆ ಎಂದು ಅವಳೇ ಮೊದಲ ದಿನ ಬರೆದುಕೊಂಡಿದ್ದಳು.

ನಿಲ್ಲುತ್ತಲೂ ಇತ್ತು ಅನ್ನಿ. ಸಂಘದ ವಾರ್ಷಿಕೋತ್ಸವದ ವರದಿಯನ್ನು ಯಾರು ಬೇಕಾದರೂ ಬರೆದಾರು. ವೇದಿಕೆಯಲ್ಲಿ ಯಾರು ಯಾರು ಕೂತಿದ್ದರು, ಯಾರು ವಂದನಾರ್ಪಣೆ ಮಾಡಿದರು, ಮುಗಿಯಿತು. ವಾರಿಜಾಳ ಕಣ್ಣು ವೇದಿಕೆಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪಾರ್ಲೆಯ ಛತ್ರವೊಂದರಲ್ಲಿ ನಡೆದ ಮದುವೆಯಲ್ಲಿ ವರನ ಸೋದರಮಾವ ಬಂದ ಬಂದವರಿಗೆಲ್ಲ ತನ್ನ ಕುರ್ಚಿ ಬಿಟ್ಟುಕೊಡುತ್ತಾ ಹೋಗಿ, ಕೊನೆಗೆ ಅಡುಗೆಯವರ ಜೊತೆ ಪಾತ್ರೆಗಳ ನಡುವೆ ಕೂತು ಉಂಡದ್ದನ್ನು ಅವಳು ಬರೆದಳು. ಮದುವೆಯಲ್ಲಿ ಆ ಮಾವನನ್ನು ಯಾರೂ ಗಮನಿಸಿರಲಿಲ್ಲ. ಬ್ಲಾಗು ಓದಿದ ಮೇಲೆ ವಾರವಿಡೀ ಅವರಿಗೆ ಫೋನು. ಪಾಪ, ಆ ಮನುಷ್ಯ ಸಂತೋಷದಿಂದ ವಾರಿಜಾಳ ಮನೆ ಹುಡುಕಿಕೊಂಡು ಬಂದು ಒಂದು ಡಬ್ಬಿ ಚಕ್ಕುಲಿ ಕೊಟ್ಟು ಹೋದರು.

ಹಾಗೆ ಚಕ್ಕುಲಿ ಬರುತ್ತಿತ್ತು, ಹೊಗಳಿಕೆ ಬರುತ್ತಿತ್ತು. ಬಾರದೆ ಇದ್ದದ್ದು ದುಡ್ಡು ಒಂದೇ.

ಬ್ಲಾಗಿನ ಪಕ್ಕದಲ್ಲಿ ಜಾಹೀರಾತು ಹಾಕಿಸಿಕೊಂಡರೆ ಕಂಪನಿಯವರು ಹಣ ಕೊಡುತ್ತಾರೆ ಎಂದು ಯಾರೋ ಹೇಳಿದ್ದರಿಂದ ವಾರಿಜಾ ಅದನ್ನೂ ಮಾಡಿದ್ದಳು. ಓದುಗರು ಆ ಜಾಹೀರಾತನ್ನು ಬೆರಳಿನಿಂದ ಒತ್ತಿದರೆ ಅವಳ ಲೆಕ್ಕಕ್ಕೆ ಏನೋ ಪುಡಿಕಾಸು ಬೀಳುತ್ತದೆ. ಆದರೆ ನಮ್ಮ ಓದುಗರೋ, ಬರುವುದು ತಮ್ಮ ಫೋಟೋ ನೋಡಲಿಕ್ಕೆ. ಫೋಟೋ ನೋಡುತ್ತಾರೆ, ಪಕ್ಕದಲ್ಲಿ ನಿಂತ ಓರಗಿತ್ತಿಯ ಸೀರೆ ನೋಡುತ್ತಾರೆ, ಹೊರಟುಹೋಗುತ್ತಾರೆ. ಮೇಲಾಗಿ ಕನ್ನಡದ ಬರಹಕ್ಕೆ ಜಾಹೀರಾತು ಸಿಗುವುದೇ ಕಡಿಮೆ, ಸಿಕ್ಕಿದರೂ ದರ ಅಗ್ಗ. ನೂರು ಡಾಲರ್ ತುಂಬದೆ ಕಂಪನಿ ಕೈಗೆ ಕೊಡುವುದಿಲ್ಲ. ವರ್ಷವಾದರೂ ಅವಳ ಲೆಕ್ಕ ಹದಿನೈದರ ಆಸುಪಾಸಿನಲ್ಲೇ ಕುಂಟುತ್ತಿತ್ತು.

ಇಷ್ಟು ದಿನ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಗಂಡ ಕೊರಗಪ್ಪ ವಿಲೆ ಪಾರ್ಲೆಯ ಹೋಟೆಲೊಂದರ ಗಲ್ಲಾದಲ್ಲಿ ಕೂರುವವನು, ಅವನ ಸಂಬಳದಲ್ಲಿ ಮನೆ ಹೇಗೋ ನಡೆಯುತ್ತಿತ್ತು. ಈ ವರ್ಷ ಬಾಡಿಗೆ ಏರಿತು, ಮಗಳು ಯಕ್ಷಿತಾಳ ಕಾಲೇಜಿನ ಫೀಸೂ ಏರಿತು. ಇನ್ನೊಂದು ಸಂಪಾದನೆ ಬೇಕೇ ಬೇಕು ಎಂದಾಯಿತು. ಅದೇ ಹೊತ್ತಿಗೆ ಪರೇಲಿನ ಒಂದು ಆಫೀಸಿನಲ್ಲಿ ವಾರಿಜಾಳಿಗೆ ಕೆಲಸ ಗೊತ್ತಾಯಿತು. ಮಧ್ಯಾಹ್ನದಿಂದ ರಾತ್ರಿಯವರೆಗೆ, ಶನಿವಾರ ಭಾನುವಾರ ತಪ್ಪಿಸುವಂತಿಲ್ಲ. ಮುಂಬಯಿಯಲ್ಲಿ ನಮ್ಮವರ ಸಮಾರಂಭಗಳೆಲ್ಲ ನಡೆಯುವುದು ಶನಿವಾರ ಭಾನುವಾರವೇ. ಪರೇಲಿಗೆ ಹೋದರೆ ‘ಸ್ಲೋ ಲೋಕಲ್’ ಶಾಶ್ವತವಾಗಿ ಗಾಡಿ ನಿಲ್ಲಿಸಿಡುವ ಕಾರ್‌ಶೆಡ್ಡಿಗೆ ಹೋದ ಹಾಗೆ. ಬರುತ್ತೀರೋ ಇಲ್ಲವೋ, ತಿಂಗಳ ಕೊನೆಯ ಸೋಮವಾರದೊಳಗೆ ಹೇಳಿ ಎಂದಿದ್ದರು. ವಾರಿಜಾಳಿಗೆ ಅನ್ನ ಸೇರುತ್ತಿರಲಿಲ್ಲ.

ಅವಳ ಸಪ್ಪೆ ಮುಖ ಮೊದಲು ಕಂಡದ್ದು ಶೀಲಾವತಿಯ ಕಣ್ಣಿಗೆ. ಶೀಲಾವತಿ ಎಂದರೆ ಶನಿವಾರದ ಭಜನಾ ಮಂಡಳಿಯ ಅಧ್ಯಕ್ಷೆ, ಎಲ್ಲರ ಪಾಲಿನ ಶೀಲಕ್ಕ. ತಾಳ ತಪ್ಪಿದವರನ್ನು ಕಣ್ಣಲ್ಲೇ ಸರಿಪಡಿಸುವ ಹೆಂಗಸು. ಭಜನೆ ಮುಗಿದದ್ದೇ ವಾರಿಜಾಳನ್ನು ಮೂಲೆಗೆ ಎಳೆದು ಎಲ್ಲ ಬಾಯಿ ಬಿಡಿಸಿದಳು.

“ಒತ್ತಿದ್ರೆ ದುಡ್ಡು ಬರ್ತದಾ? ಬರೀ ಒತ್ತಿದ್ರೆ?”

“ಬರ್ತದೆ ಶೀಲಕ್ಕ. ಯಾರೂ ಒತ್ತುದಿಲ್ಲ ಅಷ್ಟೆ.”

“ಮೊದ್ಲೇ ಹೇಳ್ಲಿಕ್ಕೆ ಎಂತ ಧಾಡಿ ನಿಂಗೆ? ಅರೇ, ನಾವೆಲ್ಲ ಸತ್ತಿದ್ದೇವಾ?”

ಅಲ್ಲಿಗೆ ನಿರ್ಣಯವಾಯಿತು. ಇನ್ನು ಮೇಲೆ ಮಂಗಳಾರತಿ ಆದ ಮೇಲೆ, ಪ್ರಸಾದಕ್ಕೆ ಮೊದಲು, ಎಲ್ಲರೂ ಮೊಬೈಲು ತೆಗೆದು ವಾರಿಜಾಳ ಬ್ಲಾಗಿನ ಜಾಹೀರಾತು ಒತ್ತತಕ್ಕದ್ದು. ಒತ್ತದವರಿಗೆ ಪ್ರಸಾದ ಇಲ್ಲ. ಮನೆಯಲ್ಲೂ ಬೆಳಿಗ್ಗೆ ಸಂಜೆ ದೀಪ ಹಚ್ಚಿದ ಕೂಡಲೇ ಒತ್ತತಕ್ಕದ್ದು.

ಮಂಡಳಿಯವರು ವ್ರತ ಹಿಡಿದ ಹಾಗೆ ಹಿಡಿದರು. ಕನ್ನಡಕ ತರದವರು ಪಕ್ಕದವರ ಕೈಯಿಂದ ಒತ್ತಿಸಿದರು. ಮಂಡಿನೋವಿನ ಎಣ್ಣೆ, ಪನ್ವೆಲಿನ ಪ್ಲಾಟು, ಗಡ್ಡ ಬೆಳೆಯುವ ಔಷಧಿ, ಏನು ಕಂಡರೂ ಬಿಡಲಿಲ್ಲ. ಗಂಡ ತೀರಿಹೋಗಿ ಹತ್ತು ವರ್ಷವಾದ ಒಬ್ಬ ಅಜ್ಜಿ ಎಲ್ಲೆಲ್ಲೋ ಒತ್ತಿ ಗಡ್ಡದ ಔಷಧಿಯನ್ನು ಮನೆಗೇ ತರಿಸಿಕೊಂಡರು. ವಾರಿಜಾಳ ಲೆಕ್ಕ ಎಂದೂ ಕಾಣದ ಹಾಗೆ ಏರಿತು. ಎರಡನೆಯ ಶನಿವಾರ ಕಳೆಯುವಷ್ಟರಲ್ಲಿ ತೊಂಬತ್ತು ದಾಟಿತ್ತು. ಅವಳು ಅರ್ಧ ಕಿಲೋ ಜಿಲೇಬಿ ತಂದು ಮನೆಯವರಿಗೆ ಕಾರಣ ಹೇಳದೆ ತಿನ್ನಿಸಿದಳು. ಪರೇಲಿನವರಿಗೆ ಬರುವುದಿಲ್ಲ ಎಂದು ಹೇಗೆ ನಯವಾಗಿ ಹೇಳುವುದು ಎಂದು ಸ್ನಾನದ ಮನೆಯಲ್ಲಿ ಅಭ್ಯಾಸ ಕೂಡ ಮಾಡಿದಳು.

ಗುರುವಾರ ಬೆಳಿಗ್ಗೆ ಕಂಪನಿಯ ಇಮೇಲು ಬಂತು. ಇಂಗ್ಲಿಷಿನಲ್ಲಿತ್ತು, ಉದ್ದವಿತ್ತು, ಮೊದಲ ಸಾಲಿನಲ್ಲೇ ‘ವಿಷಾದ’ ಎಂಬರ್ಥದ ಮಾತಿತ್ತು. ವಾರಿಜಾ ಫೋನನ್ನು ಮಗಳ ಕೈಗೆ ಕೊಟ್ಟಳು. ಯಕ್ಷಿತಾ ಓದಿದಳು, ಮತ್ತೆ ಓದಿದಳು.

“ಅಮ್ಮ, ಅವ್ರು ಅಕೌಂಟ್ ಬಂದ್ ಮಾಡಿದ್ದಾರೆ. ಪೈಸಾ ಕೂಡ ಕೊಡುದಿಲ್ಲ. ಒಂದೇ ಏರಿಯಾದಿಂದ, ಸೇಮ್ ಜನ, ಬಾರ್ ಬಾರ್ ಕ್ಲಿಕ್ ಮಾಡಿದ್ದಾರೆ ಅಂತೆ. ಯಾರು ಮಾಡಿದ್ದು?”

“ಭಜನಾ ಮಂಡಳಿ,” ಎಂದಳು ವಾರಿಜಾ.

ಯಕ್ಷಿತಾ ಅವಳ ಮುಖವನ್ನೇ ನೋಡಿದಳು. “ಪೂರಾ ಮಂಡಳಿ? ದೇವ್ರ ಎದುರು ಕೂತು?” ಎಂದವಳೇ ಸೋಫಾದ ಮೇಲೆ ಉರುಳಿ ಉರುಳಿ ನಗತೊಡಗಿದಳು. ನಗು ನಿಂತ ಮೇಲೆ ತಾಯಿಗೆ ಬಿಡಿಸಿ ಹೇಳಿದಳು. ಜಾಹೀರಾತು ಒತ್ತಬೇಕಾದದ್ದು ಸಾಮಾನು ಬೇಕಾದವರು. ವಾರಿಜಾಳ ಮೇಲೆ ಪ್ರೀತಿ ಇದ್ದವರು ಒತ್ತಿದರೆ ಕಂಪನಿಯ ದೃಷ್ಟಿಯಲ್ಲಿ ಅದು ಮೋಸ. ವಾರಿಜಾಳಿಗೆ ಅಳು ಬಂತು. ಗಡ್ಡದ ಔಷಧಿ ಹಿಡಿದು ನಿಂತ ಅಜ್ಜಿಯ ನೆನಪಾಗಿ ಅಳುವಿನ ನಡುವೆಯೇ ನಗುವೂ ಬಂತು. ಯಾವುದನ್ನು ಮುಗಿಸುವುದು ಎಂದು ಗೊತ್ತಾಗದೆ ಎರಡನ್ನೂ ಮಾಡಿದಳು.

ಕೊರಗಪ್ಪನಿಗೆ ಅಂದು ವಾರದ ರಜೆ. ಚಹಾ ಕುಡಿಯುತ್ತಾ ಎಲ್ಲ ಕೇಳಿಸಿಕೊಂಡ.

“ನಾನೊಂದು ಕೇಳ್ತೇನೆ,” ಎಂದ. “ನಮ್ಮ ಹೋಟೆಲಿಗೆ ಸೇಠ್ರ ಭಾವನೇ ಬಂದು ತಿಂದ್ರೂ ಬಿಲ್ಲು ಮಾಡ್ತೇವೆ. ಬೇಡ ಅಂತ ಸೇಠ್ರು ಹರಿದು ಹಾಕಿದ್ರೆ ಅದು ಅವ್ರಿಗೆ ಬಿಟ್ಟದ್ದು. ಬಿಲ್ಲು ಮಾತ್ರ ಟೇಬಲಿಗೆ ಹೋಗ್ಲೇಬೇಕು. ನೀನು ಆರು ವರ್ಷದಿಂದ ಬಡಿಸ್ತಾ ಇದ್ದಿ. ಒಬ್ಬರಿಗಾದ್ರೂ ಬಿಲ್ಲು ಇಟ್ಟಿದ್ದೀಯಾ?”

“ನಮ್ಮವರ ಹತ್ರ ಹೇಗೆ ಕೇಳುದು ಇವ್ರೇ? ನಾಚಿಕೆ ಆಗುದಿಲ್ವಾ?”

“ನಾನು ಮಸಾಲೆ ದೋಸೆಗೆ ನಾಚಿಕೆ ಮಾಡ್ತಾ ಕೂತಿದ್ರೆ ನೀವಿಬ್ರು ಎಂತ ತಿಂತಿದ್ರಿ?”

ವಾರಿಜಾ ಅವನ ಖಾಲಿ ಲೋಟ ಎತ್ತಿಕೊಂಡು ಒಳಗೆ ನಡೆದಳು. ಬ್ಲಾಗು ಬರೆಯುವ ಎಷ್ಟೋ ಜನ ಬರಿಗೈಯಲ್ಲಿ ಇರುವುದಕ್ಕೆ ಪಂಡಿತರು ಏನೇನೋ ಕಾರಣ ಕೊಡುತ್ತಾರೆ. ನನಗೆ ಕಂಡದ್ದು ಇಷ್ಟು. ಎಲ್ಲೋ ಕೂತ ಕಂಪನಿ ಪುಡಿಕಾಸು ಹಾಕಲಿ ಎಂದು ವರ್ಷಗಟ್ಟಲೆ ಕಾಯುತ್ತಾರೆ, ಓದಿ ಹೊಟ್ಟೆ ಹಿಡಿದು ನಕ್ಕವರು ಎದುರಿಗೇ ಕೂತಿದ್ದರೂ ಬಾಯಿ ಬಿಡುವುದಿಲ್ಲ. ಮರ್ಯಾದಸ್ಥರ ರೋಗ ಇದು. ವಾರಿಜಾಳಿಗೂ ಇತ್ತು, ಚೆನ್ನಾಗಿಯೇ ಇತ್ತು.

ಶನಿವಾರ ಭಜನೆ ಮುಗಿಯಿತು. ಮಂಗಳಾರತಿ ಆದದ್ದೇ ಎಲ್ಲರ ಕೈ ಪರ್ಸಿನೊಳಗೆ ಹೋಯಿತು. ವಾರಿಜಾ ಎದ್ದು ನಿಂತು, ಇನ್ನು ಒತ್ತಬೇಡಿ ಎಂದು ನಡೆದದ್ದೆಲ್ಲ ಹೇಳಿದಳು.

ಗಲಾಟೆಯೋ ಗಲಾಟೆ. ನಾವೇನು ಕಳ್ಳರಾ ಎಂದರು ಕೆಲವರು. ಗಡ್ಡದ ಔಷಧಿಯ ಅಜ್ಜಿ, “ನಾನು ದುಡ್ಡು ಕೊಟ್ಟೇ ತಗೊಂಡದ್ದು ಮಗಾ, ನನ್ನದಾದ್ರೂ ಲೆಕ್ಕಕ್ಕೆ ಹಿಡೀಲಿಕ್ಕೆ ಹೇಳು,” ಎಂದರು. ಕೂತವರೆಲ್ಲ ನಕ್ಕರು. ಶೀಲಾವತಿಗೆ ಮಾತ್ರ ನಗು ಬರಲಿಲ್ಲ. ತಾನು ಹೇಳಿದ ಕೆಲಸ ಕೆಟ್ಟಿತು ಎಂಬ ಸಂಕಟ ಅವಳ ಮುಖದಲ್ಲಿತ್ತು. ವಾರಿಜಾಳ ಬೆನ್ನು ಸವರಿದಳು.

“ಹೋಗ್ಲಿ ಬಿಡು ಮಾರಾಯ್ತಿ. ಆ ಕಂಪನಿಗೆ ನಮ್ಮ ಬೆಲೆ ಗೊತ್ತಿಲ್ಲ. ಮುಂದಿನ ಭಾನುವಾರ ನನ್ನ ಮೊಮ್ಮಗಳ ನಾಮಕರಣ. ನೀನು ಬೇಗ ಬರ್ಬೇಕು. ಆ ಮದುವೆಯದ್ದು ಬರೆದಿ ನೋಡು, ಅದಕ್ಕಿಂತ ಚೆಂದ ಮಾಡಿ ಬರೀಬೇಕು.”

ಬಂತು. ಯಾವ ಗಳಿಗೆಯನ್ನು ನೆನೆದು ಎರಡು ದಿನ ನಿದ್ದೆ ಬಂದಿರಲಿಲ್ಲವೋ ಅದು ಬಂದೇಬಿಟ್ಟಿತು. ಅದೂ ಶೀಲಕ್ಕನ ರೂಪದಲ್ಲಿ, ಇಷ್ಟು ಜನರ ಎದುರು. ಇವತ್ತು ದುಡ್ಡಿನ ಮಾತು ನುಂಗಿಕೊಂಡರೆ ಸೋಮವಾರ ಪರೇಲಿನವರಿಗೆ ಹೂಂ ಅನ್ನುವುದೇ ಗತಿ.

“ಬರ್ತೇನೆ ಶೀಲಕ್ಕ,” ಎಂದಳು. “ಬರೆಯುದಕ್ಕೆ ಎರಡು ಸಾವಿರ ಆಗ್ತದೆ.”

ಹಾರ್ಮೋನಿಯಂ ಮುಚ್ಚುತ್ತಿದ್ದವಳ ಕೈ ಅರ್ಧಕ್ಕೇ ನಿಂತಿತು. ಭೂಮಿ ಬಾಯಿಬಿಡಬಾರದೇ ಎಂದು ವಾರಿಜಾ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತಾ ನಿಂತಳು. ಶೀಲಾವತಿ ಒಂದು ಹೆಜ್ಜೆ ಹಿಂದೆ ಸರಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಎರಡು ಸಾವಿರವಾ? ಭಾರೀ ಜಾಸ್ತಿಯಾಯ್ತು. ಸಾವಿರದ ಇನ್ನೂರು ಕೊಡ್ತೇನೆ.”

ವಾರಿಜಾ ತಲೆ ಎತ್ತಿದಳು. ಶೀಲಕ್ಕನ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿರಲಿಲ್ಲ. ಮಾರ್ಕೆಟ್ಟಿನಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡಿ, ಇದು ತಾಜಾ ಎಂದು ಖಚಿತವಾದ ಮೇಲೆ ಮೀನಿನವಳ ಜೊತೆ ಜಗಳಕ್ಕೆ ನಿಲ್ಲುತ್ತಾಳಲ್ಲ, ಅದೇ ಮುಖ. ಚೌಕಾಸಿ! ಶೀಲಕ್ಕ ಚೌಕಾಸಿಗೆ ಇಳಿದಿದ್ದಳು. ಆರು ವರ್ಷದಲ್ಲಿ ಜನ ಅವಳ ಬರಹವನ್ನು ಹೊಗಳಿದ್ದರು, ಹರಸಿದ್ದರು, ಊರಿಗೆಲ್ಲ ಫಾರ್ವರ್ಡು ಮಾಡಿದ್ದರು. ಬೆಲೆ ಇಳಿಸು ಎಂದು ಒಬ್ಬರೂ ಜಗ್ಗಿರಲಿಲ್ಲ. ಬೇಡದ ಸಾಮಾನಿಗೆ ಯಾರು ತಾನೆ ಚೌಕಾಸಿ ಮಾಡುತ್ತಾರೆ? ಸಂತೋಷದಿಂದ ಅವಳ ಕಣ್ಣು ತುಂಬಿತು, ಸ್ವರ ಮಾತ್ರ ಗಟ್ಟಿಯಾಯಿತು.

“ಆಗುದಿಲ್ಲ ಶೀಲಕ್ಕ.”

“ಸಾವಿರದ ಐನೂರು. ಮೇಲೆ ಒಂದು ಪೈಸೆ ಇಲ್ಲ.”

“ಕಮ್ಮಿ ಆಗುದಿಲ್ಲ ಅಂದೆ. ಬೇಕಾದ್ರೆ ಫೋಟೋ ನಾಲ್ಕು ಜಾಸ್ತಿ ಹಾಕ್ತೇನೆ.”

“ನಾಲ್ಕಲ್ಲ, ಎಂಟು. ಮತ್ತೆ ಬೀಗರ ಹೆಸ್ರು ಕೆಳಗೆ ಎಲ್ಲಿಯಾದ್ರೂ ಬರ್ಲಿ, ಅವ್ರಿಗೆ ಕೊಬ್ಬು.”

“ಫೋಟೋ ಎಂಟು ಹಾಕ್ತೇನೆ. ಹೆಸ್ರು ಎಲ್ಲಿ ಹಾಕುದು, ಎಂತ ಬರೆಯುದು, ಅದು ನನ್ನ ಕೆಲಸ.”

“ಅಬ್ಬಬ್ಬ, ಇವಳ ಧಿಮಾಕು ನೋಡಿ!” ಎಂದು ಶೀಲಾವತಿ ಎಲ್ಲರ ಕಡೆ ತಿರುಗಿದಳು. ಅವಳಿಗೆ ತನಗಿಂತ ಗಟ್ಟಿ ಹೆಂಗಸು ಸಿಕ್ಕಿದ ಖುಷಿ. “ಸಾವಿರದ ಎಂಟುನೂರು. ಆಯ್ತಾ?”

“ಆಯ್ತು.”

ಶೀಲಾವತಿ ಪರ್ಸು ತೆಗೆದು ಐನೂರರ ನೋಟೊಂದನ್ನು ವಾರಿಜಾಳ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. “ತಗೋ. ಬೋಣಿ ನನ್ನದೇ ಆಗ್ಲಿ.”

ಆ ಮೇಲೆ ಪ್ರಸಾದ ಹಂಚುವವರ ಪಾಡು ಯಾರಿಗೂ ಬೇಡವಾಯಿತು. ತಮ್ಮ ಗೃಹಪ್ರವೇಶಕ್ಕೆ ಎಷ್ಟು ಎಂದು ಒಬ್ಬರು, ಗಂಡನ ಅರುವತ್ತರ ಶಾಂತಿಗೆ ಎಷ್ಟು ಎಂದು ಇನ್ನೊಬ್ಬರು. ಅಧ್ಯಕ್ಷೆಗೆ ಬಿಟ್ಟ ದರಕ್ಕೇ ನಮಗೂ ಬಿಡಬೇಕು ಎಂದು ಮತ್ತೆ ಜಗಳ. ಪ್ರತಿ ಜಗಳಕ್ಕೂ ವಾರಿಜಾಳ ಮುಖ ಅರಳುತ್ತಾ ಹೋಯಿತು. ಮನೆಗೆ ಬರುವಾಗ ಮುಂದಿನ ತಿಂಗಳ ನಾಲ್ಕೂ ಭಾನುವಾರ ತುಂಬಿದ್ದವು. ಪರೇಲಿನ ಸಂಬಳಕ್ಕೆ ಅದು ಸಮವಲ್ಲ, ಹತ್ತಿರವೂ ಅಲ್ಲ. ಆದರೂ ಏರಿದ ಬಾಡಿಗೆಯನ್ನು ತೂಗಿಸಬಹುದಿತ್ತು. ಕೊರಗಪ್ಪ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, “ದೀಪಾವಳಿವರೆಗೆ ನೋಡುವ,” ಎಂದ.

ಸೋಮವಾರ ಬೆಳಿಗ್ಗೆ ವಾರಿಜಾ ಪರೇಲಿಗೆ ಫೋನು ಮಾಡಿದಳು. ಸ್ನಾನದ ಮನೆಯಲ್ಲಿ ಕಲಿತ ನಯದ ಮಾತು ಒಂದೂ ನೆನಪಿಗೆ ಬರಲಿಲ್ಲ. ತನಗೆ ಬೇರೆ ಕೆಲಸ ಇದೆ, ಬರಲಾಗುವುದಿಲ್ಲ ಎಂದುಬಿಟ್ಟಳು.

ಏನು ಕೆಲಸ ಎಂದು ಆ ಕಡೆಯವರು ಹಿಂದಿಯಲ್ಲಿ ವಿಚಾರಿಸಿದರು.

ಆರು ವರ್ಷ ಈ ಪ್ರಶ್ನೆಗೆ ಅವಳು, ಏನಿಲ್ಲ, ಮನೆಯಲ್ಲೇ ಇರುತ್ತೇನೆ ಎಂದು ಉತ್ತರ ಕೊಟ್ಟಿದ್ದಳು.

“ಲಿಖ್ತೀ ಹೂಂ,” ಬರೆಯುತ್ತೇನೆ, ಎಂದಳು ವಾರಿಜಾ.