ಬೆಳಕು ಬಿಡುವ ಚಿಕಿತ್ಸೆ

ನಮ್ಮ ಮನೆಗೆ ಮೀನು ಬರುತ್ತಿದ್ದದ್ದು ಒಂದೇ ಉದ್ದೇಶಕ್ಕೆ, ಅದು ಮಧ್ಯಾಹ್ನದ ಊಟದೊಳಗೆ ಈಡೇರುತ್ತಿತ್ತು. ಆದ್ದರಿಂದ ಪಕ್ಕದ ಮನೆಯ ಬ್ಯಾರಿ ಹೆಂಗಸು, ಮಗಳ ಹೆರಿಗೆಗೆಂದು ದುಬೈಗೆ ಹೊರಡುವ ಮೊದಲು, ತನ್ನ ಗಾಜಿನ ಟ್ಯಾಂಕನ್ನೂ ಅದರ ಏಕೈಕ ನಿವಾಸಿಯಾದ ಗೋಲ್ಡ್ ಫಿಶ್ಶನ್ನೂ ನಮ್ಮ ಚಾವಡಿಯಲ್ಲಿ ತಂದಿಟ್ಟಾಗ ನಾನು ಅತಿಥಿ ಸತ್ಕಾರದ ನಿಯಮಗಳನ್ನು ಹೊಸದಾಗಿ ಕಲಿಯಬೇಕಾಯಿತು. ಆ ಮೀನನ್ನು ಆಕೆ ವರ್ಷಗಟ್ಟಲೆ ಸಾಕಿದ್ದರು. ಅಡುಗೆ ಮಾಡುತ್ತಾ ಅದರೊಡನೆ ಮಾತಾಡುವುದು ಗೋಡೆಯಾಚೆ ನಮಗೂ ಕೇಳಿಸುತ್ತಿತ್ತು. “ಎಂತ ಆದ್ರೂ ಇದು ಸಾಯ್ಬಾರ್ದು ಅಕ್ಕ” ಎಂದು ನನ್ನ ಹೆಂಡತಿಗೆ ಹೇಳಿ ಹೋದರು. ನನಗೆ ಹೇಳಲಿಲ್ಲ. ಜನರನ್ನು ಅಳೆಯುವುದು ಆಕೆಗೆ ಗೊತ್ತಿತ್ತು.

ಕೆಲವೇ ದಿನಗಳಲ್ಲಿ ನೀರಿಗೆ ಎಳೆ ಹಸಿರು ಬಂತು. ಬಾವಿ ನೀರಿನಿಂದ ಗುಣವಾಗದ ಕಾಯಿಲೆ ಬಂಟ್ವಾಳದಲ್ಲಿ ಇಲ್ಲವೆಂದು ನಂಬಿದವನು ನಾನು. ಹಳೆಯ ನೀರನ್ನು ಚೆಲ್ಲಿ, ಹೊಸದಾಗಿ ಸೇದಿ ತುಂಬಿಸಿದೆ. ಹಸಿರು ಇನ್ನಷ್ಟು ಹುಮ್ಮಸ್ಸಿನಿಂದ ಮರಳಿತು.

ಆಗ ನನಗೆ ಕುತೂಹಲ ಹುಟ್ಟಿತು. ಒಂದು ಗಾಜಿನ ಲೋಟದಲ್ಲಿ ನೀರು ತೆಗೆದು ಬಿಸಿಲಿಗೆ ಹಿಡಿದೆ. ಕೆಸರಾದರೆ ತಳಕ್ಕಿಳಿಯಬೇಕು, ಇದು ಇಳಿಯಲಿಲ್ಲ. ನನ್ನ ಬೈರಾಸನ್ನು ಮಡಚಿ ಅದರಲ್ಲಿ ಸೋಸಿದೆ. ಹಸಿರು ಬೈರಾಸನ್ನು ದಾಟಿ ಅಷ್ಟೇ ಹಸಿರಾಗಿ ಲೋಟಕ್ಕೆ ಬಂತು. ಕಣ್ಣಿಗೆ ಒಂದು ಕಣವೂ ಕಾಣದು, ಆದರೆ ಬಣ್ಣ ಮಾತ್ರ ಉಂಟು. ಮೈ ಒರೆಸಿಕೊಳ್ಳುವ ವಸ್ತ್ರದ ಇಂಥ ದುರುಪಯೋಗವನ್ನು ಹೆಂಡತಿ ಖಂಡಿಸಿದಳು. ಸಂಶೋಧನೆ ಅಲ್ಲಿಗೆ ನಿಂತಿತು.

ಮೂಡುಬಿದಿರೆಯಲ್ಲಿ ನನ್ನ ಹೆಂಡತಿಯ ತಮ್ಮನಿದ್ದಾನೆ. ಮನೆ ತುಂಬ ಮೀನಿನ ಟ್ಯಾಂಕ್ ಇಟ್ಟವನು, ಮಾತಿನಲ್ಲಿ ಮಹಾ ಜಿಪುಣ. ಫೋನು ಮಾಡಿದೆ. ಅದು ಪಾಚಿ, ನೀರಿನಲ್ಲೇ ತೇಲುವ ಜಾತಿ, ಸೋಸಿದರೆ ಸಿಕ್ಕುವುದಿಲ್ಲ ಎಂದ. ಔಷಧ ಕೇಳಿದೆ. “ಔಷಧ ಎಲ್ಲ ಬೇಡ ಭಾವ. ಸ್ವಲ್ಪ ದಿನ ಬೆಳಕು ಬಿಡಿ, ಸರಿಯಾಗ್ತದೆ” ಎಂದು ಫೋನಿಟ್ಟ.

ಚಿಕಿತ್ಸೆಯನ್ನು ನಾನು ಶ್ರದ್ಧೆಯಿಂದ ನಡೆಸಿದೆ. ಅರ್ಧ ನೀರು ಖಾಲಿ ಮಾಡಿ, ನಾನೂ ಹೆಂಡತಿಯೂ ಟ್ಯಾಂಕನ್ನು ಹೊತ್ತು ಪೂರ್ವದ ಕಿಟಕಿಯ ಬಳಿ ಇಟ್ಟೆವು. ಪರದೆ ಕಳಚಿದೆ. ಮೋಡ ಕವಿದ ದಿನ ಟ್ಯೂಬ್‌ಲೈಟ್ ಹಾಕಿದೆ. ನೀರು ಕೆಸುವಿನ ಎಲೆಯ ಬಣ್ಣಕ್ಕೆ ತಿರುಗಿತು. ಮೀನು ಕಾಣದಾಯಿತು. ಹಾಕಿದ ಕಾಳು ಮಾಯವಾಗುತ್ತಿತ್ತು ನಿಜ, ಆದರೆ ಅದು ತಿಂದು ಮಾಯವಾದದ್ದೋ ಮುಳುಗಿ ಮಾಯವಾದದ್ದೋ ಎನ್ನಲು ಸಾಕ್ಷಿಯಿರಲಿಲ್ಲ. ದುಬೈಯಿಂದ ವಿಡಿಯೋ ಕಾಲ್ ಬಂದಾಗಲೆಲ್ಲ ಮೀನು ತೋರಿಸಿ ಎಂಬ ಬೇಡಿಕೆ ಬರುತ್ತಿತ್ತು. ನೆಟ್‌ವರ್ಕ್ ಸರಿಯಿಲ್ಲವೆಂದು ಹೆಂಡತಿ ಹೇಳುತ್ತಿದ್ದಳು, ಅದೂ ಸ್ಪಷ್ಟವಾಗಿ ಕೇಳುವ ಹಾಗೆ.

ಅಂಥ ಒಂದು ಕರೆಯ ನಂತರ ಅವಳು ನನ್ನೆದುರು ಕುಳಿತು, ತಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿ ಎಂದಳು. ಹೇಳಿದೆ.

“ಡಾಕ್ಟ್ರು ನಿಮಗೆ ಸಕ್ಕರೆ ಬಿಡಿ ಅಂತ ಹೇಳಿದ್ರಲ್ಲ. ನೀವು ಅದನ್ನು ಚಾಯಕ್ಕೆ ಬಿಟ್ರಾ?”

ಗದ್ದೆಗೆ ನೀರು ಬಿಟ್ಟು, ಹಟ್ಟಿಯಲ್ಲಿ ದನಕ್ಕೆ ಕರು ಬಿಟ್ಟು ಬೆಳೆದವನು ನಾನು. ನನ್ನ ಪಾಲಿಗೆ ಬಿಡುವುದೆಂದರೆ ಒಳಕ್ಕೆ ಬಿಡುವುದು. ಬೀಡಿ ಸೇದುವುದನ್ನು ಬಿಟ್ಟವರೂ ಅದೇ ಕ್ರಿಯಾಪದ ಬಳಸುತ್ತಾರೆಂಬುದು ಆ ಗಳಿಗೆಯಲ್ಲಿ ಹೊಳೆದಿರಲಿಲ್ಲ. ಮೂಡುಬಿದಿರೆಗೆ ಮತ್ತೆ ಫೋನು ಹೋಯಿತು. ಕತ್ತಲೆ ಮಾಡಲು ಹೇಳಿದ್ದು ಎಂದ. ನಗು ತಡೆದುಕೊಂಡವನ ಧ್ವನಿ.

ಟ್ಯಾಂಕನ್ನು ಮೂಲೆಗೆ ಸಾಗಿಸಿ, ಗಾಳಿಯ ಪಂಪು ಓಡುತ್ತಿರಲೆಂದು ಬಿಟ್ಟು, ಮೇಲೆ ದಪ್ಪ ಕಂಬಳಿ ಹೊದೆಸಿದೆವು. ಇಣುಕಕೂಡದೆಂದು ಅಪ್ಪಣೆಯಾಯಿತು. ನನಗೆ ತಡೆಯಲಾಗುತ್ತಿರಲಿಲ್ಲ. ಒಳಗೆ ಏನು ನಡೆಯುತ್ತಿರಬಹುದು? ಬೈರಾಸಿಗೂ ಸಿಕ್ಕದ ಆ ಹಸಿರು ಬೆಳಕಿಲ್ಲದೆ ಎಲ್ಲಿಗೆ ಹೋಗುತ್ತದೆ? ಕಂಬಳಿಗೆ ಕಿವಿಯಿಟ್ಟು ಕೂತೆ. ಗುಳುಗುಳು ಸದ್ದು ಬಿಟ್ಟರೆ ಏನೂ ಇಲ್ಲ.

ಕೊನೆಗೆ ಕಂಬಳಿ ಎತ್ತಿದಾಗ ನೀರು ಬೊಂಡದ ಎಳನೀರಿನಂತೆ ತುಸು ಮಬ್ಬು, ಅಷ್ಟೇ. ನಡುವೆ ಮೀನು, ಏನೂ ನಡೆದಿಲ್ಲವೆಂಬ ಮುಖದಲ್ಲಿ. ಮೊದಲಿಗಿಂತ ದಪ್ಪ, ಕೆಂಡದ ಹಾಗೆ ಕೆಂಪು. ನಾವೇ ಆ ಸಂಜೆ ದುಬೈಗೆ ಕರೆ ಮಾಡಿ ಹೆಮ್ಮೆಯಿಂದ ತೋರಿಸಿದೆವು.

ಆಕೆ ಬಹಳ ಹೊತ್ತು ನೋಡಿದರು. “ಇದು ನನ್ನ ಮೀನಲ್ಲ” ಎಂದರು. “ಅದು ಇಷ್ಟು ಕೆಂಪು ಇರ್ಲಿಲ್ಲ. ಸತ್ತಿದ್ರೆ ಸತ್ತಿದೆ ಅಂತ ಹೇಳಿ ಅಣ್ಣ. ನನಗೆ ಬೇಜಾರಿಲ್ಲ.” ಬೇಜಾರಿಲ್ಲವೆಂಬ ಮಾತು ಮುಗಿಯುವಾಗ ಧ್ವನಿ ಒಡೆದಿತ್ತು.

ನಾನು ಪಾಚಿಯ ನೀರಿನಲ್ಲಿ ಬಣ್ಣ ಏರುತ್ತದೆಂದೂ, ಬಲ್ಲವರು ಹೀಗೆನ್ನುತ್ತಾರೆಂದೂ ವಿವರಿಸಿದೆ. ಆದರೆ ಇಷ್ಟು ದಿನ ನೆಟ್‌ವರ್ಕ್ ಕೆಡಿಸಿಕೊಂಡ ಮನೆಯವರ ಮಾತನ್ನು ಯಾರು ನಂಬುತ್ತಾರೆ? ಆಕೆ ನನ್ನನ್ನು ಪಕ್ಕಕ್ಕೆ ಸರಿಸಿ ಹೆಂಡತಿಯನ್ನು ಕರೆದರು. “ಮುಚ್ಚಳ ತೆಗೀರಿ ಅಕ್ಕ. ಬೆರಳಿನ ತುದಿ ನೀರಿಗೆ ಮುಟ್ಟುವ ಹಾಗೆ ಇಡಿ. ಅಲ್ಲಾಡ್ಸ್ಬೇಡಿ.”

ಹೆಂಡತಿ ಬೆರಳಿಟ್ಟಳು. ಮೀನು ಒಂದು ಸುತ್ತು ಹಾಕಿ, ದೂರ ಹೋಗಿ, ಯೋಚಿಸಿತು. ಆಮೇಲೆ ನೆಟ್ಟಗೆ ಮೇಲೆ ಬಂದು ಬೆರಳಿನ ತುದಿಯನ್ನು ಬಾಯಲ್ಲಿ ಹಿಡಿದು, ಮಗುವಿನಂತೆ ಚೀಪತೊಡಗಿತು. ಇಷ್ಟು ದಿನ ನಮ್ಮ ಮನೆಯಲ್ಲಿದ್ದೂ ಅದಕ್ಕೆ ಯಾರೂ ಬೆರಳು ಕೊಟ್ಟಿರಲಿಲ್ಲ.

ಆ ಕಡೆಯಿಂದ, ಗೋಡೆಯಾಚೆ ಕೇಳಿಸುತ್ತಿದ್ದ ಅದೇ ಧ್ವನಿಯಲ್ಲಿ, ಬ್ಯಾರಿ ಭಾಷೆಯಲ್ಲಿ ಮೆಲ್ಲಗೆ ಏನೋ ಮಾತು, ನಮ್ಮೊಡನೆ ಅಲ್ಲ.

“ಈಗ್ಲೇ ತೆಗೀಬೇಡಿ ಅಕ್ಕ” ಎಂದರು.

ಹೆಂಡತಿ ತೆಗೆಯಲಿಲ್ಲ. ನಾನು ಫೋನು ಹಿಡಿದು ನಿಂತೆ, ಕೈ ಸೋತರೂ ಅಲ್ಲಾಡಿಸದೆ.