ಮೂಗಿಯ ಮೂಗು

ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ಅದಕ್ಕೆ ಕೊಳೆತ ನಾತವೊಂದನ್ನು ಬೆರೆಸುತ್ತಾರೆ. ಸಿಲಿಂಡರ್ ತುಂಬುವ ಕಾರ್ಖಾನೆಯಲ್ಲಿ ಆ ನಾತ ಸಾಕಷ್ಟಿದೆಯೇ ಎಂದು ಮೂಸಿ ಹೇಳುವುದು ಅವಳ ಕೆಲಸ. ಮೂಗಿನಿಂದಲೇ ಹೊಟ್ಟೆ ಹೊರೆಯುವವಳೆಂದು ಜೊತೆಯವರು ಮೂಗಿ ಎಂದು ಕರೆದರು. ಬಾಯಿಗೆ ಬೀಗವೇ ಇಲ್ಲದವಳಿಗೆ ಆ ಹೆಸರು!

ಒಂದೇ ನಾತವನ್ನು ಮೂಸುತ್ತಿದ್ದರೆ ಮೂಗು ದಣಿಯುತ್ತದೆ, ಹೊರಗೆ ಹೋಗಿ ಗಾಳಿ ಕುಡಿದು ಬರಬೇಕು. ಇದು ಆ ಕಸುಬಿನ ಮೊದಲ ಪಾಠ. ಹಾಗಾಗಿ ನಾತ ಮಂಕಾದಾಗ ಅವಳು ಹೆದರಲಿಲ್ಲ. ಹೊರಗೆ ಹೋಗಿ ನಿಂತಳು. ನಿಲ್ಲುವ ಹೊತ್ತು ದಿನೇ ದಿನೇ ಬೆಳೆಯಿತು. ಕಡೆಗೆ ಏನೂ ತಿಳಿಯದಿದ್ದರೂ ರೂಢಿಯ ಮೇಲೆ "ಸರಿಯಿದೆ" ಎನ್ನತೊಡಗಿದಳು. ಇಷ್ಟು ವರ್ಷ ನಾತ ಕಡಿಮೆ ಬಿದ್ದದ್ದೇ ಇಲ್ಲವಲ್ಲ.

ಒಂದು ರಜೆಯ ದಿನ ಮಗಳು ಹೊರಗಿನಿಂದ ಬಂದವಳೇ ಮೂಗು ಮುಚ್ಚಿಕೊಂಡು ಉರಿಯಿಲ್ಲದೆ ಅನಿಲ ಸೋರುತ್ತಿದ್ದ ಒಲೆಯ ತಿರುಪು ಬಂದ್ ಮಾಡಿದಳು. ತಾಯಿ ಪಕ್ಕದಲ್ಲೇ ತರಕಾರಿ ಹೆಚ್ಚುತ್ತ ಕೂತಿದ್ದಳು.

"ಮೂಗು ದಣಿದಿದೆ ಕಣೇ."

"ಇವತ್ತು ಏನು ಮೂಸಿದ್ದೀಯಮ್ಮ, ದಣಿಯೋಕೆ?"



ಮಾರನೆಯ ದಿನ ನರರೋಗದ ವೈದ್ಯರು ವಿವರಿಸಿದರು. ಮೂಗಿನ ನರಗಳು ಮಿದುಳಿನ ಮುಂಭಾಗದ, ಎಸಳಿನಷ್ಟು ಪುಟ್ಟ ಭಾಗವೊಂದನ್ನು ಸೇರುತ್ತವೆ. ಅಲ್ಲಿ ನರಕ್ಕೂ ನರಕ್ಕೂ ನಡುವೆ ಕಣ್ಣಿಗೆ ಕಾಣದ ಸಂದು. ಈಚೆಯದು ರಾಸಾಯನಿಕವೊಂದನ್ನು ಚೆಲ್ಲಿದರೆ ಆಚೆಯದು ಎಚ್ಚೆತ್ತುಕೊಳ್ಳುತ್ತದೆ. ಪಕ್ಕದ ಕೋಶಗಳು ಬೇರೆ ರಾಸಾಯನಿಕ ಚೆಲ್ಲಿ ಗದ್ದಲ ತಗ್ಗಿಸುತ್ತವೆ, ವಾಸನೆಯಿಂದ ವಾಸನೆಯನ್ನು ಬಿಡಿಸುತ್ತವೆ. ಅವಳಲ್ಲಿ ಆ ಕೊಂಡಿಗಳು ಕಳಚುತ್ತಿರಬಹುದು. ಕೆಲವರಲ್ಲಿ ಅದು ಕೈನಡುಕದ ಕಾಯಿಲೆಯ ಮುನ್ಸೂಚನೆ. ಎರಡೂ ಕೈಯ ಬೆರಳುಗಳನ್ನು ಬೇಗ ಬೇಗ ಕುಟ್ಟಿ ತೋರಿಸಲು ಹೇಳಿದರು. ಬಲಗೈ ಎಡಗೈಗಿಂತ ಹಿಂದೆ ಬಿತ್ತು. ಮಗಳು ಮುಖ ತಿರುಗಿಸಿದಳು.

"ಕೈ ಹಾಳಾಗ್ಲಿ ಡಾಕ್ಟ್ರೇ. ಮೂಗು ಯಾವಾಗ ಹೋಯ್ತು?"

"ಹೇಳೋಕಾಗಲ್ಲಮ್ಮ. ವರ್ಷಗಳೇ ಆಗಿರಬಹುದು."

ಮಗಳು ಕರೆದರೂ ನಿಲ್ಲದೆ ಅವಳು ನೇರ ಕಾರ್ಖಾನೆಗೆ ಹೋಗಿ ಮೇಸ್ತ್ರಿಗೆ ಎಲ್ಲ ಹೇಳಿದಳು. ಆತ ಮೊದಲು ನಕ್ಕ. ಆಮೇಲೆ, ಸಿಲಿಂಡರ್ ತುಂಬಲು ಅವಳು ಮೊನ್ನೆ ಒಪ್ಪಿದ್ದ ಅನಿಲದ ತೊಟ್ಟಿಯಿಂದ ತುಸು ಅನಿಲ ಬಿಡಿಸಿ ತಾನೇ ಮೂಸಿದ. ಇನ್ನೊಬ್ಬನನ್ನು ಕರೆದು ಮೂಸಿಸಿದ. ಇಬ್ಬರ ಮೂಗಿಗೂ ನಾತ ಹತ್ತಲಿಲ್ಲ.

"ಸರಿಯಿದೆ ಅಂದಿದ್ರಲ್ಲ, ಅಕ್ಕ."

"ಅಂದಿದ್ದೆ. ಈ ತೊಟ್ಟೀದು ಎಷ್ಟು ಮನೆಗೆ ಹೋಗಿದೆ?"

ಮೇಸ್ತ್ರಿ ಫೋನಿಗೆ ಕೈ ಹಾಕಿದ. ಊರಿನಲ್ಲಿ ಸಂಜೆಯ ಒಲೆ ಹಚ್ಚುವ ಹೊತ್ತಾಗಿತ್ತು.